ಅಜ್ಜನ ಚೂರಿ, ಮೊಮ್ಮಗನ ಉಪ್ಪುಕಾಗದ

ಇವರು ಸಾಗರದಲ್ಲಿ ಹೆಗಡೆಯವರು, ಹೊಸನಗರದಲ್ಲಿ ಭಟ್ಟರು, ತೀರ್ಥಹಳ್ಳಿಯಲ್ಲಿ ಗೌಡರು. ಹೆಸರು ಏನೇ ಇರಲಿ, ನಿವೃತ್ತಿಯಾದ ಎರಡನೇ ಮಳೆಗಾಲಕ್ಕೆ ಅಟ್ಟ ಹತ್ತುತ್ತಾರೆ. ಇಳಿಯುವಾಗ ಕೈಯಲ್ಲಿ ಅಜ್ಜನ ಎಲೆ‌ಅಡಿಕೆ ಸಂಚಿ, ಅದರೊಳಗೊಂದು ಬೆರಳುದ್ದದ ಮಡಚುವ ಚೂರಿ. ಹಿತ್ತಾಳೆ ಹಿಡಿ, ಕಪ್ಪಡರಿದ ಅಲಗು, ಬಿಡಿಸಹೋದರೆ ಉಗುರೇ ಕಿತ್ತುಬರುವಷ್ಟು ಬಿಗಿ. ಅಂದಿನಿಂದ ಮನೆಯಲ್ಲಿ ಹುಣಸೆಹಣ್ಣಿಗೂ ಹಳೇ ಬನಿಯನ್ನಿಗೂ ಬರಗಾಲ. ಸೀಮೆ‌ಎಣ್ಣೆಯಲ್ಲಿ ನೆನೆಸಿ, ಉಪ್ಪುಕಾಗದದಲ್ಲಿ ತಿಕ್ಕಿ, ವಾರದೊಳಗೆ ಅಲಗಿನಲ್ಲಿ ತಮ್ಮ ಮೀಸೆ ಕಾಣುವಂತೆ ಮಾಡುತ್ತಾರೆ. ಆಮೇಲೆ ಬಂದವರಿಗೆಲ್ಲ ಕಾಫಿಗೂ ಮೊದಲು ಚೂರಿದರ್ಶನ. ಕೈ ಚಾಚಿದಿರೋ, “ಮುಟ್ಟಬ್ಯಾಡಿ ಮಾರಾಯ್ರೆ, ಕೈಬೆವ್ರು ತಾಗಿದ್ರೆ ತುಕ್ಕು ಹಿಡೀತದೆ!” ಇವರು ಚೂರಿಯನ್ನು ಉಳಿಸಿದರು, ನಿಜ. ಆದರೆ ಅದರಲ್ಲಿ ಉಳಿಸಿಕೊಳ್ಳಬೇಕಾಗಿದ್ದನ್ನೇ ತಿಕ್ಕಿ ತೆಗೆದರು ಎಂಬುದು ನನ್ನ ತಕರಾರು.

ಕಪ್ಪೆಲ್ಲ ಕೊಳೆಯಲ್ಲ. ಕೆಂಪಗೆ ಪುಡಿಯಾಗಿ ಉದುರುವುದು ತುಕ್ಕು. ಅದು ಕಬ್ಬಿಣವನ್ನು ತಿನ್ನುತ್ತದೆ, ತೆಗೆಯಲೇಬೇಕು. ಅಲಗಿಗೆ ಅಂಟಿ ಕೂತ ನೀಲಿಗಪ್ಪು ಬೇರೆ. ಹಸಿ ಅಡಿಕೆ ಕೆತ್ತಿದಾಗೆಲ್ಲ ಅದರ ಒಗರಿನಲ್ಲಿರುವ ಟ್ಯಾನಿನ್ ಕಬ್ಬಿಣದೊಡನೆ ಕೂಡಿ ಕಟ್ಟಿದ ಬಣ್ಣ ಅದು. ಹಿಂದಿನವರು ಅಳಲೆಕಾಯಿಗೆ ಅನ್ನಭೇದಿ ಸೇರಿಸಿ ಮಸಿ ಕಾಯಿಸುತ್ತಿದ್ದುದೂ ಇದೇ ನಂಟಿನಿಂದ. ಅಂದರೆ ಅಜ್ಜ ಆಯುಷ್ಯಪೂರ್ತಿ ಆ ಅಲಗಿನ ಮೇಲೆ ಮಸಿಯಲ್ಲೇ ಬರೆದಿದ್ದ. ಮೊಮ್ಮಗ ಒಂದು ವಾರದಲ್ಲಿ ಅಳಿಸಿದ. ಅಷ್ಟಕ್ಕೇ ನಿಲ್ಲಿಸುವವರಾದರೆ ಚಿಂತೆಯಿಲ್ಲ. ಕೆಲವರು ಪೇಟೆಯ ಸಾಣೆಯಂತ್ರಕ್ಕೆ ಒಡ್ಡಿ ಕಿಡಿ ಹಾರಿಸುತ್ತಾರೆ. ಕಾವು ಏರಿ ಅಂಚು ನೀಲಿಯಾಯಿತೆಂದರೆ ಕಮ್ಮಾರ ಕೊಟ್ಟ ಹದ ಅಲ್ಲಿಗೆ ಮುಗಿಯಿತು, ಅಲಗು ಬೆಣ್ಣೆಗೂ ಬಾಗುತ್ತದೆ. ಮಸೆಗಲ್ಲು, ನೀರು, ತಾಳ್ಮೆ ಇಷ್ಟೇ ಸಾಕಿತ್ತು. ಕೀಲಿಗೆ ಕೊಬ್ಬರಿ ಎಣ್ಣೆ ಬಿಡುವವರ ಕಥೆ ಇನ್ನೂ ಚಂದ. ಆ ಎಣ್ಣೆ ಸುಮಾರು 24 ಡಿಗ್ರಿಗಿಂತ ತಂಪಾದರೆ ಹೆಪ್ಪುಗಟ್ಟುತ್ತದೆ. ಮಲೆನಾಡಿನ ಮಾಗಿ ಚಳಿಯ ಬೆಳಿಗ್ಗೆ ಚೂರಿಯೂ ಯಜಮಾನರ ಮೊಣಕಾಲೂ ಒಟ್ಟಿಗೇ ಮಡಚಲೊಲ್ಲವು.

ಅವರು ಎತ್ತಿಕೊಳ್ಳದಿದ್ದರೆ ಅದು ಗುಜರಿಗೆ ಹೋಗುತ್ತಿತ್ತಲ್ಲ ಎನ್ನಬಹುದು. ಒಪ್ಪಿದೆ, ಗುಜರಿಗಿಂತ ಷೋಕೇಸು ಮೇಲು. ಎಲೆ‌ಅಡಿಕೆಯ ಕವಳವನ್ನೇ ಬಿಟ್ಟ ಮನೆಯಲ್ಲಿ ಕವಳದ ಚೂರಿಗೆ ಕೆಲಸವೆಲ್ಲಿ ಎಂಬ ಪ್ರಶ್ನೆ ಇದಕ್ಕಿಂತ ಗಟ್ಟಿ. ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗ 2004ರಲ್ಲಿ ಅಡಿಕೆಯನ್ನು ಕ್ಯಾನ್ಸರ್ ತರುವ ವಸ್ತುಗಳ ಪಟ್ಟಿಗೆ ಸೇರಿಸಿತು. ನಮ್ಮವರು ಅಡಿಕೆ ಸೊಸೈಟಿಯ ಸಭೆಯಲ್ಲಿ ಆ ವರದಿಯನ್ನು ಬಾಯ್ತುಂಬ ಬೈದು, ಮನೆಗೆ ಬಂದು ಕವಳ ಬಿಟ್ಟರು. ಬಿಟ್ಟದ್ದು ಒಳ್ಳೆಯದೇ, ಚೂರಿಗಾಗಿ ಬಾಯಿ ಕೆಡಿಸಿಕೊಳ್ಳಿ ಎಂದು ಯಾರೂ ಹೇಳಲಾರರು. ಆದರೆ ಕೆಲಸವಿಲ್ಲದ ಚೂರಿ ಪಾಪ ಕೊರಿಯರ್ ಪೊಟ್ಟಣದ ಟೇಪು ಕತ್ತರಿಸಲೂ ಅನರ್ಹವಾಗಿ ಮಖಮಲ್ಲಿನಲ್ಲಿ ಮಲಗಿದೆ. ಮಗನಿಗೆ ತೋರಿಸಲು ಜೇಬಿನಲ್ಲಿಟ್ಟುಕೊಂಡು ಸೋಗಾನೆಯ ನಿಲ್ದಾಣದಲ್ಲಿ ವಿಮಾನ ಹತ್ತಹೋದರೆ ತಡೆಯುತ್ತಾರೆ. ಅದನ್ನು ಇನ್ನೂ ಆಯುಧವೆಂದು ಗೌರವಿಸುವವರು ಅಲ್ಲಿಯ ಭದ್ರತಾ ಸಿಬ್ಬಂದಿ ಮಾತ್ರ.

ಇತ್ತ ಅಡುಗೆಮನೆಯ ಮೆಟ್ಟುಗತ್ತಿ ನೋಡಿ. ಅದೂ ಅಜ್ಜಿಯ ಕಾಲದ್ದೇ. ದಿನಾ ಹಲಸು, ಬಾಳೆಕಾಯಿ, ಸೌತೆ ಕಂಡು ಹೊಟ್ಟೆಯಲ್ಲಿ ಕಪ್ಪು, ಅಂಚಿನಲ್ಲಿ ಬೆಳ್ಳಿ. ಅದಕ್ಕೆ ಯಾರೂ ಮರುಜನ್ಮ ಕೊಡಬೇಕಾಗಿ ಬಂದಿಲ್ಲ, ಯಾರೂ ಅದರ ಫೋಟೊ ತೆಗೆದಿಲ್ಲ. ಅದರ ಮುಂದೆ ಕೂತವರಿಗೂ ಹೊಗಳಿಕೆ ಅಷ್ಟಕ್ಕಷ್ಟೇ! ಚೂರಿಗೂ ಇಂಥ ಕೆಲಸ ಸಿಗಲಾರದೆಂದಿಲ್ಲ. ಅಪ್ಪೆಮಿಡಿಯ ತೊಟ್ಟನ್ನು ಬುಡಕ್ಕೇ ಕತ್ತರಿಸಿದರೆ ಸೊನೆ ಸೋರಿ ಪರಿಮಳ ಹೋಗುತ್ತದೆ. ಗೇಣುದ್ದ ಬಿಟ್ಟರೆ ಭರಣಿಯಲ್ಲಿ ಕಡ್ಡಿಯದೇ ರಾಜ್ಯ. ಚೂರೇ ಚೂರು ಉಳಿಸಿ ಕತ್ತರಿಸುವುದಕ್ಕೆ ಬೆರಳುದ್ದದ ಅಲಗೇ ಬೇಕು. ಆದ್ದರಿಂದ ಮಿಡಿಯ ಕಾಲದಲ್ಲಿ ಇಂಥವರು ನಿಮ್ಮ ನೆರೆಯಲ್ಲಿದ್ದರೆ ದಯವಿಟ್ಟು ಒಂದು ಬುಟ್ಟಿ ಮಿಡಿ ಕಳಿಸಿಕೊಡಿ, ಉಪ್ಪುಕಾಗದವನ್ನು ಮಾತ್ರ ಮೆಲ್ಲಗೆ ಎತ್ತಿಟ್ಟುಬಿಡಿ.