ಜ್ಯೋತಿರ್ಗಣಕ ಭೇದ ನಿರ್ಣಯ

ಲಕ್ಷಣ ಮೊದಲು. ಬೆಳಕಿನಿಂದಲೇ ಲೆಕ್ಕ ಮಾಡುತ್ತೇನೆಂದು ಹೇಳಿಕೊಂಡು, ಪ್ಲಗ್ಗನ್ನು ಮಾತ್ರ ಗೋಡೆಯ ಕರೆಂಟಿಗೆ ಚುಚ್ಚಿಸಿಕೊಳ್ಳುವ ಯಂತ್ರವೇ ಜ್ಯೋತಿರ್ಗಣಕ. ಆದ್ದರಿಂದ ಇವುಗಳ ಭೇದವನ್ನು ವೇಗದಿಂದ ಎಣಿಸಬಾರದು, ಕರೆಂಟಿನ ಋಣದಿಂದ ಎಣಿಸಬೇಕು. ವೇಗದ ಲೆಕ್ಕ ಯಂತ್ರ ಮಾರುವವರಿಗಿರಲಿ.

ಋಣ ಅತ್ಯಲ್ಪವಾದದ್ದು ವಿರಕ್ತ ವರ್ಗ, ಅರ್ಥಾತ್ ಮಸೂರ. ಮುಂದೆ ಚಿತ್ರವಿಟ್ಟು ಹೆಜ್ಜೆ ತಪ್ಪದ ಅಲೆಗಳ ಬೆಳಕು ಹಾಯಿಸಿದರೆ ಹಿಂದಿನ ನಾಭಿತಲದಲ್ಲಿ ಅದರ ಫೂರಿಯೆ ರೂಪಾಂತರ, ಅಂದರೆ ಚಿತ್ರದಲ್ಲಿ ಯಾವ ಯಾವ ಅಲೆ ಎಷ್ಟೆಷ್ಟಿದೆ ಎಂಬ ಲೆಕ್ಕ, ತಾನಾಗಿ ಮೂಡುತ್ತದೆ. ಗಾಜಿಗೆ ಲೆಕ್ಕ ಮಾಡಿದೆನೆಂಬ ಅಹಂಕಾರವೂ ಇಲ್ಲ. 1950ರ ದಶಕದಲ್ಲಿ ಅಮೆರಿಕದ ಮಿಶಿಗನ್ ವಿಶ್ವವಿದ್ಯಾಲಯದವರು ವಿಮಾನದ ರೇಡಾರ್ ದಾಖಲೆಯನ್ನು ಫಿಲ್ಮಿಗಿಳಿಸಿ, ಮಸೂರಗಳಿಂದ ನೆಲದ ಚಿತ್ರ ತೆಗೆದದ್ದು ಹೀಗೆ. ಬೇರೆ ಲೆಕ್ಕ ಕೇಳಿದರೆ ವಿರಕ್ತ ಮೌನಿ.

ಎರಡನೆಯದು ಸಂಸಾರಿ ವರ್ಗ. ಪಂಡಿತರು ಇದನ್ನು ಈಸಿಂಗ್ ಯಂತ್ರ ಎನ್ನುತ್ತಾರೆ. ಇದರ ಸಮಸ್ಯೆ ಮದುವೆಮನೆಯವರಿಗೆಲ್ಲ ಗೊತ್ತಿರುವಂಥದೇ: ಊಟಕ್ಕೆ ಎರಡೇ ಪಂಕ್ತಿ, ನೆಂಟರಲ್ಲಿ ಯಾರಿಗೆ ಯಾರನ್ನು ಕಂಡರಾಗದು ಎಂಬ ಪಟ್ಟಿ ಉದ್ದ, ಆದಷ್ಟು ಜಗಳಗಂಟರನ್ನು ಬೇರೆ ಬೇರೆ ಪಂಕ್ತಿಗೆ ಹಾಕಬೇಕು. ನೆಂಟರು ನೂರು ದಾಟಿದರೆ ಎಲ್ಲ ಸಾಧ್ಯತೆಗಳನ್ನೂ ಒಂದೊಂದಾಗಿ ನೋಡಲು ಯಾವ ಕಂಪ್ಯೂಟರಿಗೂ ಆಯುಸ್ಸು ಸಾಲದು. ಈಸಿಂಗ್ ಯಂತ್ರದಲ್ಲಿ ನೆಂಟರೆಂದರೆ ಫೈಬರ್ ಸುರುಳಿಯೊಳಗೆ ಸುತ್ತುವ ಬೆಳಕಿನ ಮಿಡಿತಗಳು. ಪ್ರತಿ ಮಿಡಿತದ ಅಲೆಗೂ ಎರಡೇ ಗತಿ, ನೇರ ಇಲ್ಲವೆ ತಿರುಗುಮುರುಗು. ಶಕ್ತಿಯನ್ನು ಮೆಲ್ಲಗೆ ಏರಿಸಿದರೆ, ಅತಿ ಕಡಿಮೆ ನಷ್ಟದ ಹೊಂದಾಣಿಕೆ ಮೊದಲು ಬೆಳಗಬೇಕು ಎಂಬುದು ಸಿದ್ಧಾಂತ; ಬೆಳಗುವುದು ಎಷ್ಟೋ ಸಲ ಅದರ ದಾಯಾದಿ. 2016ರಲ್ಲಿ ಜಪಾನಿನ ಎನ್‌ಟಿಟಿ ಕಂಪನಿಯ ತಂಡ ಒಂದು ಕಿಲೋಮೀಟರ್ ಸುರುಳಿಯಲ್ಲಿ ಸುಮಾರು 2,000 ಮಿಡಿತಗಳನ್ನು ಕೂರಿಸಿತು; 2021ರಲ್ಲಿ ಒಂದು ಲಕ್ಷ. ಆದರೆ ಯಾರಿಗೆ ಯಾರ ಮೇಲೆ ಮುನಿಸು ಎಂಬುದನ್ನು ಮಿಡಿತಗಳಿಗೆ ಹೇಳುವವರಾರು? ಸುತ್ತುಸುತ್ತಿಗೂ ಅಳೆದು, ಗುಣಿಸಿ ಕೂಡಿ, ಫಲವನ್ನು ಮತ್ತೆ ಸುರುಳಿಗೆ ತುಂಬುವುದು ಹೊರಗೆ ಕುಳಿತ ಎಲೆಕ್ಟ್ರಾನಿಕ್ ಚಿಪ್ಪು. ಯಜಮಾನಿಕೆ ಬೆಳಕಿನದು, ದುಡಿಮೆ ಕರೆಂಟಿನದು.

ಮೂರನೆಯದು ಜಾಲ ವರ್ಗ: ಸಿಲಿಕಾನ್ ಮೇಲೆ ಬೆಳಕನ್ನು ಸೀಳಿ ಕೂಡಿಸಿ ಕೃತಕ ನರಜಾಲಕ್ಕೆ ಬೇಕಾದ ಗುಣಾಕಾರ ಮಾಡುವಂಥದು. 2017ರಲ್ಲಿ ಎಂಐಟಿಯವರ ಜಾಲ ನಾಲ್ಕು ಸ್ವರಗಳನ್ನು ಗುರುತಿಸಲು ಕಲಿತು, ನೂರಕ್ಕೆ 77ರಷ್ಟು ಸರಿ ಹೇಳಿತು. ನಮ್ಮ ವರ್ಣಮಾಲೆಯನ್ನು ಅದಕ್ಕೆ ತೋರಿಸದಿದ್ದುದು ದಯೆ.

ನಾಲ್ಕನೆಯದು ಜೂಜುಗಾರ ವರ್ಗ. ಚೀನಾದ ಜಿಯುಝಾಂಗ್ ಎಂಬ ಯಂತ್ರ 2020ರಲ್ಲಿ 200 ಸೆಕೆಂಡಿನಲ್ಲಿ ಮಾಡಿದ್ದಕ್ಕೆ ಸೂಪರ್‌ಕಂಪ್ಯೂಟರಿಗೆ ಕೋಟ್ಯಂತರ ವರ್ಷ ಬೇಕೆಂದು ತಂಡದ ವಾದ. ಪ್ರಶ್ನೆ ಏನೆಂದರೆ, ಕನ್ನಡಿಗಳ ಕಾಡಿಗೆ ಬಿಟ್ಟ ಫೋಟಾನುಗಳು ಯಾವ ಯಾವ ಬಾಗಿಲಿನಿಂದ ಹೊರಬರುತ್ತವೆ ಎಂಬುದು. ತನ್ನ ಪ್ರಶ್ನೆಪತ್ರಿಕೆಯನ್ನು ತಾನೇ ಬರೆದುಕೊಂಡ ವಿದ್ಯಾರ್ಥಿಯ ವೇಗವನ್ನು ಒಪ್ಪಲೇಬೇಕು.

ಶಂಕೆ: ಬೆಳಕಿನಿಂದಲೇ ಟ್ರಾನ್ಸಿಸ್ಟರ್ ಮಾಡಿ ಋಣ ಹರಿದುಕೊಳ್ಳಬಾರದೆ? ಸಮಾಧಾನ: ಸ್ವಿಚ್ಚೆಂದರೆ ಒಂದು ಮತ್ತೊಂದನ್ನು ತಡೆಯಬೇಕು. ಎರಡು ಕಿರಣಗಳು ಎದುರಾದರೋ, ಪರಿಚಯವೇ ಇಲ್ಲದವರಂತೆ ದಾಟಿಹೋಗುತ್ತವೆ. ಅವುಗಳಿಗೆ ಮಾತು ಬೆಳೆಸಬೇಕೆಂದರೆ ವಿಶೇಷ ಹರಳು ಬೇಕು, ಪ್ರಖರವಾದ ಲೇಸರ್ ಬೇಕು. ಆ ಲೇಸರಿನ ಪ್ಲಗ್ಗು ಎಲ್ಲಿಗೆಂಬುದು ಲಕ್ಷಣದಲ್ಲೇ ಇದೆ.