ಯಾವ ಸರ್ಕಾರದ ಆಸ್ಪತ್ರೆ?

ಸರ್ಕಾರಕ್ಕೆ ಆಸ್ಪತ್ರೆ ನಡೆಸಲು ಬರುವುದಿಲ್ಲ ಎಂಬುದರ ಬಗ್ಗೆ ಈಗ ಯಾರೂ ವಾದಿಸುವುದಿಲ್ಲ, ಎಲ್ಲರಿಗೂ ಬಾಯಿಪಾಠವಾಗಿದೆ. ವರಾಂಡದಲ್ಲಿ ನಾಯಿ, ಲಿಫ್ಟಿಗೆ ಬೀಗ, ಸ್ಕ್ಯಾನಿಂಗ್ ಮೆಷಿನ್ನಿಗೆ ಬಟ್ಟೆ ಹೊದಿಸಿಟ್ಟಿದೆ. ಹಾಗಾಗಿ ಖಾಸಗಿಯವರು ಬರಲಿ ಎಂದೆವು. 2000ನೇ ಇಸವಿಯಲ್ಲೇ ವಿದೇಶಿ ಬಂಡವಾಳಕ್ಕೆ ನೂರಕ್ಕೆ ನೂರು ಬಾಗಿಲು ತೆರೆದೆವು. ಬಂದರು. ಬಂದವರು ಯಾರಪ್ಪಾ ಎಂದು ಇಣುಕಿದರೆ, ಸರ್ಕಾರ! ನಮ್ಮದಲ್ಲ, ಅಷ್ಟೇ.

2023ರಲ್ಲಿ ಸಿಂಗಪುರದ ಹೂಡಿಕೆ ಕಂಪನಿ ಟೆಮಾಸೆಕ್, ಮಣಿಪಾಲ್ ಆಸ್ಪತ್ರೆಗಳ ಸಮೂಹದಲ್ಲಿ ತನ್ನ ಪಾಲನ್ನು ಶೇ 59ಕ್ಕೆ ಏರಿಸಿಕೊಂಡಿತು. ಟೆಮಾಸೆಕ್ಕಿನ ಒಡೆತನ ಇರುವುದು ಆ ದೇಶದ ಹಣಕಾಸು ಸಚಿವರ ಹುದ್ದೆಯ ಹೆಸರಿನಲ್ಲಿ. ಉಡುಪಿ ಪಕ್ಕದ ಗುಡ್ಡದ ಹೆಸರು ಬೋರ್ಡಿನ ಮೇಲೆ ಹಾಗೇ ಇದೆ. ಊರು ನಮ್ಮದು, ಷೇರು ಅವರದು. ದಿನದಿನದ ವ್ಯವಹಾರದಲ್ಲಿ ಸರ್ಕಾರ ಮೂಗು ತೂರಿಸುವುದಿಲ್ಲ ಎಂದು ಟೆಮಾಸೆಕ್ ಹೇಳಿಕೊಳ್ಳುತ್ತದೆ. ಈ ವಿದ್ಯೆಯನ್ನು ನಮ್ಮ ಮಂತ್ರಿಗಳಿಗೂ ಕಲಿಸಿದರೆ ಟ್ಯೂಷನ್ ಫೀಸು ಕೊಡಬಹುದು. ಇಷ್ಟಕ್ಕೂ ಸಿಂಗಪುರ ತನ್ನ ಪ್ರಜೆಗಳಲ್ಲಿ ಬಹುಪಾಲು ಒಳರೋಗಿಗಳನ್ನು ನೋಡಿಕೊಳ್ಳುವುದು ಸರ್ಕಾರಿ ಆಸ್ಪತ್ರೆಗಳಲ್ಲೇ, ಸಬ್ಸಿಡಿ ಕೊಟ್ಟು. ಲಾಭದ ಆಸ್ಪತ್ರೆ ಅವರಿಗೆ ರಫ್ತಿನ ಮಾಲು.

ಬೆಂಗಳೂರಿನ ಬನ್ನೇರುಘಟ್ಟ ರಸ್ತೆಯ ಫೋರ್ಟಿಸ್‌ಗೆ ಬನ್ನಿ. 2018ರಲ್ಲಿ ಫೋರ್ಟಿಸ್ ಕಂಪನಿಯಿಂದ 403 ಕೋಟಿ ರೂಪಾಯಿ ಅತ್ತಿತ್ತ ಹರಿದುಹೋಗಿದೆ ಎಂದು ಷೇರುಪೇಟೆಯ ನಿಯಂತ್ರಕ ಸೆಬಿ ಪತ್ತೆ ಮಾಡಿತು. ಅದೇ ವರ್ಷ ಮಲೇಷ್ಯಾದ ಆಸ್ಪತ್ರೆ ಕಂಪನಿ ಐಎಚ್‌ಎಚ್ ಸುಮಾರು 4,000 ಕೋಟಿ ಸುರಿದು ಅದನ್ನು ಕೈಗೆ ತೆಗೆದುಕೊಂಡಿತು. ಐಎಚ್‌ಎಚ್‌ನ ದೊಡ್ಡ ಪಾಲುದಾರರು ಜಪಾನಿನ ಮಿತ್ಸುಯಿ ಮತ್ತು ಮಲೇಷ್ಯಾ ಸರ್ಕಾರದ ನಿಧಿ ಖಜಾನಾ. ಹೆಸರೇ ಖಜಾನಾ, ಮುಚ್ಚುಮರೆ ಇಲ್ಲ.

ಸರ್ಕಾರಗಳು ಮಾತ್ರವಲ್ಲ, ಮೇಷ್ಟ್ರುಗಳೂ ಇದ್ದರು. ಪುಣೆಯ ಸಹ್ಯಾದ್ರಿ ಆಸ್ಪತ್ರೆಗಳನ್ನು 2022ರಲ್ಲಿ ಕೊಂಡದ್ದು ಕೆನಡಾದ ಒಂಟಾರಿಯೊ ಶಿಕ್ಷಕರ ಪಿಂಚಣಿ ನಿಧಿ. 2025ರಲ್ಲಿ ಅದನ್ನು ಮಣಿಪಾಲ್‌ಗೆ ಮಾರಲು ಒಪ್ಪಂದವಾಯಿತು. ನಮ್ಮ ಮೇಷ್ಟ್ರುಗಳು ಹಳೇ ಪಿಂಚಣಿಗಾಗಿ ಬೆಂಗಳೂರಿನ ಫ್ರೀಡಂ ಪಾರ್ಕಿನಲ್ಲಿ ಧರಣಿ ಕೂತಿದ್ದರೆ, ಅಲ್ಲಿಯವರ ಪಿಂಚಣಿಗೆ ಪುಣೆಯ ರೋಗಿ ಮಲಗಿದ್ದ. ಬೆಂಗಳೂರಿನ ಕ್ಯಾನ್ಸರ್ ಆಸ್ಪತ್ರೆಗಳ ಕಂಪನಿ ಎಚ್‌ಸಿಜಿಯ ಕಥೆ ಇನ್ನೂ ರಂಜನೀಯ. 2020ರಲ್ಲಿ ಅದನ್ನು ಕೊಂಡದ್ದು ಸಿವಿಸಿ ಎಂಬ ವಿದೇಶಿ ಹೂಡಿಕೆ ಕಂಪನಿ. ಮುಂದಿನ ವರ್ಷ ಐಪಿಎಲ್ ಕ್ರಿಕೆಟ್ಟಿನ ಗುಜರಾತ್ ಟೈಟನ್ಸ್ ತಂಡವನ್ನು ಬಿಡ್ ಮಾಡಿ ಗೆದ್ದದ್ದೂ ಅವರೇ. 2025ರಲ್ಲಿ ಸಿವಿಸಿ ತನ್ನ ದೊಡ್ಡ ಪಾಲನ್ನು ಕೆಕೆಆರ್‌ಗೆ ಮಾರಿತು. ಕೋಲ್ಕತ್ತಾದ ಕ್ರಿಕೆಟ್ ತಂಡ ಕೆಕೆಆರ್ ಅಲ್ಲ, ನ್ಯೂಯಾರ್ಕಿನ ಹೂಡಿಕೆ ಕಂಪನಿ. ಆದರೂ ಹರಾಜು ಹರಾಜೇ.

ಕೊಳ್ಳುವವರು ನೋಡುವುದು ಡಾಕ್ಟರ ಕೈಗುಣವನ್ನಲ್ಲ, ‘ಆರ್ಪಾಬ್’ ಅನ್ನು. ರೋಗಿ ಮಲಗಿದ ಒಂದು ಹಾಸಿಗೆಯಿಂದ ದಿನಕ್ಕೆ ಸರಾಸರಿ ಎಷ್ಟು ಗಳಿಕೆ ಎಂಬ ಲೆಕ್ಕ ಅದು. ಪ್ರತಿ ಮೂರು ತಿಂಗಳಿಗೊಮ್ಮೆ ಅದು ಏರಬೇಕು. ಸ್ಕ್ಯಾನು, ಆಪರೇಷನ್ನು ಮೊದಲೆರಡು ದಿನದಲ್ಲೇ ಮುಗಿಯುತ್ತವೆ. ಆಮೇಲೆ ಗಂಜಿ ಕುಡಿದು ಮಲಗಿರುವವನಿಂದ ಬರುವುದು ರೂಮಿನ ಬಾಡಿಗೆ ಮಾತ್ರ. ಆದ್ದರಿಂದ ಅವನು ಬೇಗ ಮನೆಗೆ ಹೋದರೆ ಮನೆಯವರಿಗಿಂತ ಹೂಡಿಕೆದಾರರಿಗೆ ಹೆಚ್ಚು ಸಂತೋಷ. ಸರ್ಕಾರಿ ಯೋಜನೆಯ ಕಾರ್ಡು ಹಿಡಿದು ಬರುವವನಂತೂ ಗಳಿಕೆಯ ಪಟ್ಟಿಗೆ ದೃಷ್ಟಿಬೊಟ್ಟು. ಅಂಥವರ ಪಾಲು ತಗ್ಗಿಸಿದ್ದೇವೆ ಎಂದು ಹೂಡಿಕೆದಾರರ ಸಭೆಯಲ್ಲಿ ಹೇಳಿದರೆ ಅದು ಸುಧಾರಣೆ.

ಇಷ್ಟೆಲ್ಲ ಬರೆದರೂ ನಮ್ಮ ಖಾಸಗಿ ಆಸ್ಪತ್ರೆಗಳಲ್ಲಿ ಹೆಚ್ಚಿನವು ಇಂಥವಲ್ಲ. ತಾಲ್ಲೂಕಿನ ಬಸ್ ಸ್ಟ್ಯಾಂಡಿನ ಹಿಂದೆ, ಕೆಳಗೆ ಗಂಡ ಹೆಂಡತಿ ಇಬ್ಬರೂ ಡಾಕ್ಟರು, ಮೇಲೆ ಅವರ ಮನೆ: ನಿಜವಾದ ಖಾಸಗಿ ಕ್ಷೇತ್ರ ಇದು. ನವೆಂಬರ್ 2017ರಲ್ಲಿ ದರಕ್ಕೆ ಮಿತಿ ಹಾಕುವ ಕೆಪಿಎಂಇ (ಖಾಸಗಿ ವೈದ್ಯಕೀಯ ಸಂಸ್ಥೆಗಳ) ಕಾಯ್ದೆಯ ತಿದ್ದುಪಡಿ ಬಂದಾಗ ಬಾಗಿಲು ಹಾಕಿ, ಅಧಿವೇಶನ ನಡೆಯುತ್ತಿದ್ದ ಬೆಳಗಾವಿಗೆ ಪ್ರತಿಭಟಿಸಲು ಬಸ್ ಹತ್ತಿದವರು ಈ ಪುಣ್ಯಾತ್ಮರೂ ಹೌದು. ಆಗಿನ ಆರೋಗ್ಯ ಸಚಿವ ರಮೇಶ್ ಕುಮಾರ್ ಹಟ ಹಿಡಿದರು, ಮುಖ್ಯಮಂತ್ರಿ ಸಿದ್ದರಾಮಯ್ಯ ಸಂಧಾನ ಮಾಡಿದರು, ಮಸೂದೆ ತೆಳ್ಳಗಾಯಿತು. ದರಪಟ್ಟಿಯನ್ನು ಗೋಡೆಗೆ ಹಾಕಬೇಕು ಎಂಬುದು ಉಳಿಯಿತು. ದರ ಕಂಡರೆ ಸಾಕು, ಇಳಿಯಬೇಕೆಂದೇನಿಲ್ಲವಲ್ಲ. ಸಣ್ಣವರ ಬೀದಿ, ದೊಡ್ಡವರ ಬಿಲ್ಲು.

ಆಸ್ಪತ್ರೆಯನ್ನು ಖಾಸಗಿಯವರ ಕೈಗೆ ಕೊಟ್ಟರೆ ಏನಾಗುತ್ತದೆಂದು ನಮ್ಮ ಸರ್ಕಾರ ಕಲಿಯಲಿಲ್ಲ ಎನ್ನುವಂತಿಲ್ಲ, ಮುಂಚೆಯೇ ಕಲಿತಿತ್ತು. ರಾಯಚೂರಿನಲ್ಲಿ ತೈಲ ರಾಷ್ಟ್ರಗಳ ನೆರವಿನಲ್ಲಿ ಕಟ್ಟಿದ, ಜನ ಇಂದಿಗೂ ಒಪೆಕ್ ಆಸ್ಪತ್ರೆ ಎಂದೇ ಕರೆಯುವ ಕಟ್ಟಡವನ್ನು ನಡೆಸಲು ಅಪೋಲೊಗೆ ಒಪ್ಪಿಸಿ, ಸುಮಾರು ಹತ್ತು ವರ್ಷದ ಮೇಲೆ ವಾಪಸ್ ಪಡೆಯಿತು. ಆಮೇಲೂ ಪಿಪಿಪಿ (ಸರ್ಕಾರಿ-ಖಾಸಗಿ ಪಾಲುದಾರಿಕೆ) ಎಂಬ ಮೂರಕ್ಷರದ ಮೇಲಿನ ಮೋಹ ಇಳಿಯಲಿಲ್ಲ. ವೈದ್ಯಕೀಯ ಕಾಲೇಜು ಪಿಪಿಪಿಯಲ್ಲಿ ಬೇಡ, ಪೂರ್ತಿ ಸರ್ಕಾರದ್ದೇ ಬೇಕು ಎಂದು 2025ರಲ್ಲಿ ವಿಜಯಪುರದವರು ಧರಣಿ ಕೂತರು. ಮನವಿಯ ಒಂದು ಪ್ರತಿಯನ್ನು ಸಿಂಗಪುರದ ಹಣಕಾಸು ಸಚಿವಾಲಯಕ್ಕೂ ರಿಜಿಸ್ಟರ್ ಪೋಸ್ಟಿನಲ್ಲಿ ಕಳಿಸಿದ್ದರೆ, ಅಲ್ಲಿಂದ ಸ್ವೀಕೃತಿಯಾದರೂ ಬರುತ್ತಿತ್ತು.