ಸೋಲಿನ ಛಂದಸ್ಸು: '32–256–12' ಎಂಬ ಕೃತಿಯ ಶಾಸ್ತ್ರೀಯ ವಿವೇಚನೆ

ನಮ್ಮ ಪ್ರಾಚೀನ ಕವಿಗಳು ತಮ್ಮ ಕಾಲ, ದೇಶ, ಮತ ಯಾವುದನ್ನೂ ಸರಿಯಾಗಿ ಹೇಳದೆ ಹೋದದ್ದರಿಂದ ಎಷ್ಟೋ ವಿದ್ವಾಂಸರ ಸಂಸಾರ ನಡೆದಿದೆ. ನಾವಿಲ್ಲಿ ಕೈಗೆತ್ತಿಕೊಂಡಿರುವ ಕೃತಿಯಲ್ಲಿ ಆ ಅನುಕೂಲವಿಲ್ಲ. ಕರ್ತೃ ಪೀಟರ್ ಬಕ್ಲಿ. ವೃತ್ತಿಪರ ಬಾಕ್ಸರ್. ದೇಶ ಇಂಗ್ಲೆಂಡಿನ ಬರ್ಮಿಂಗ್‌ಹ್ಯಾಮ್. ರಚನಾಕಾಲ 1989ರಿಂದ 2008. ಕೃತಿಯ ಸಮಗ್ರ ಪಾಠ: 32–256–12. ಅಂದರೆ 300 ಪಂದ್ಯ. ಅವುಗಳಲ್ಲಿ 32 ಗೆಲುವು, 256 ಸೋಲು, 12 ಡ್ರಾ. ತ್ರಿಪದಿಗಿಂತ ಚಿಕ್ಕದಾದ ಈ ಕೃತಿ ಮುಗಿಯಲು ಹತ್ತೊಂಬತ್ತು ವರ್ಷ ಬೇಕಾಯಿತು, ಮತ್ತು ರಚನೆಯ ಉದ್ದಕ್ಕೂ ಕರ್ತೃವಿನ ಮುಖಕ್ಕೆ ಏಟು ಬೀಳುತ್ತಿತ್ತು. ಈ ಪದ್ಧತಿಯನ್ನು ಉಳಿದ ಸಾಹಿತ್ಯ ಪ್ರಕಾರಗಳಿಗೂ ವಿಸ್ತರಿಸಬಹುದೇ ಎಂಬುದನ್ನು ಪ್ರತ್ಯೇಕ ಪ್ರಬಂಧದಲ್ಲಿ ಚರ್ಚಿಸಲಾಗುವುದು.

ಕರ್ತೃವಿನ ಬಿರುದು 'ದಿ ಪ್ರೊಫೆಸರ್'. ಮೈಕ್ ಟೈಸನ್‌ಗೆ ಕಬ್ಬಿಣ, ರಾಬರ್ಟೊ ಡುರಾನ್‌ಗೆ ಕಲ್ಲಿನ ಕೈ ಬಿರುದಾಗಿ ಸಿಕ್ಕ ವೃತ್ತಿಯಲ್ಲಿ ಒಬ್ಬರಿಗೆ ಅಧ್ಯಾಪನದ ಬಿರುದು ಸಿಕ್ಕಿರುವುದು ವಿದ್ವತ್ಲೋಕ ಹೆಮ್ಮೆಪಡಬೇಕಾದ ಸಂಗತಿ. ಆದ್ದರಿಂದ ಇನ್ನು ಮುಂದೆ ಅವರನ್ನು ಬಹುವಚನದಲ್ಲೇ ಸಂಬೋಧಿಸಲಾಗುವುದು. ಹುದ್ದೆ ಯಾವ ಶ್ರೇಣಿಯದು ಎಂಬ ಬಗ್ಗೆ ಮಾತ್ರ ಜಿಜ್ಞಾಸೆ ಇದೆ. ಹೆಚ್ಚುಕಡಿಮೆ ಮೂರು ವಾರಕ್ಕೊಂದು ಪಂದ್ಯ. ಫೋನ್ ಬಂದರೆ ಚೀಲ ಹೆಗಲಿಗೇರಿಸಿ ಯಾವ ಊರಿಗಾದರೂ ಹೊರಡಬೇಕು. ಆಡಿದ ಪಂದ್ಯಕ್ಕೆ ಮಾತ್ರ ಸಂಭಾವನೆ. ಖಾಯಮಾತಿಯ ಮಾತೇ ಇಲ್ಲ. ಈ ಆಧಾರಗಳಿಂದ ಅವರು ಅತಿಥಿ ಉಪನ್ಯಾಸಕರಾಗಿದ್ದರು ಎಂದು ನಿರ್ಣಯಿಸಬಹುದು.

ಪಾಠಾಂತರಗಳ ವಿಷಯದಲ್ಲಿ ಈ ಕೃತಿ ಬಡವಾಗಿದೆ. ಹಿಂದಿನವರ ಭಾಗ್ಯವೇ ಬೇರೆ. 1911ರಿಂದ 1917ರವರೆಗೆ ನ್ಯೂಯಾರ್ಕಿನಲ್ಲಿ ಬಾಕ್ಸಿಂಗ್ ನಡೆಸಬಹುದಿತ್ತು, ಗೆದ್ದವರು ಯಾರೆಂದು ತೀರ್ಪು ಕೊಡುವಂತಿರಲಿಲ್ಲ. ನಾಕೌಟ್ ಆಗದಿದ್ದರೆ ಯಾರು ಗೆದ್ದರೆಂದು ತಿಳಿಯಲು ಮರುದಿನದ ಪತ್ರಿಕೆಯನ್ನೇ ನೋಡಬೇಕು. ಎರಡು ಪತ್ರಿಕೆ ಕೊಂಡವನಿಗೆ ಒಮ್ಮೊಮ್ಮೆ ಇಬ್ಬರು ವಿಜೇತರು ಸಿಗುತ್ತಿದ್ದರು. ಮುಂದೆ ಹೆವಿವೇಟ್ ಚಾಂಪಿಯನ್ ಆದ ಜೀನ್ ಟನಿಯನ್ನು ಸೋಲಿಸಿದ ಏಕೈಕ ವೀರ ಹ್ಯಾರಿ ಗ್ರೆಬ್‌ನ ಸುಮಾರು 300 ಪಂದ್ಯಗಳಲ್ಲಿ ಅರ್ಧಕ್ಕೂ ಹೆಚ್ಚು ಇಂಥ ಪತ್ರಿಕಾ ತೀರ್ಪಿನವೇ. ಅವನ ಮೇಲೆ ಇನ್ನೂ ನೂರು ವರ್ಷ ಸಂಶೋಧನೆ ಮಾಡಬಹುದು. ಬಕ್ಲಿಯವರು ಅಂಥ ಅವಕಾಶವನ್ನೇ ಉಳಿಸಿಲ್ಲ. ಸೋತಿದ್ದಾರೆ, ಸೋಲು ದಾಖಲಾಗಿದೆ.

ಇನ್ನು ಛಂದಸ್ಸು. ಹಿಂದಿನ ವಿದ್ವಾಂಸರು ಈ ಕೃತಿಯನ್ನು ಗದ್ಯವೆಂದು ತಳ್ಳಿಹಾಕಿರುವುದು ಪ್ರಸ್ತಾರ ಹಾಕಿ ನೋಡದಿದ್ದುದರ ಫಲ. ಸೋಲು ಬೇಗ ಮರೆತುಹೋಗುವುದರಿಂದ ಲಘು, ಒಂದು ಮಾತ್ರೆ. ಗೆಲುವು ಗುರು, ಎರಡು ಮಾತ್ರೆ. ಡ್ರಾ ಎಂಬುದು ಎಳೆದದ್ದಾದ್ದರಿಂದ ಪ್ಲುತ, ಮೂರು ಮಾತ್ರೆ. ಲೆಕ್ಕ ಹಾಕಿದರೆ 256, 64, 36. ಒಟ್ಟು 356 ಮಾತ್ರೆ. ಭಾಮಿನಿ ಷಟ್ಪದಿಯ ಒಂದು ಪದ್ಯಕ್ಕೆ 102 ಮಾತ್ರೆ. ಮೂರೂವರೆ ಪದ್ಯಕ್ಕೆ 357. ನಮ್ಮಲ್ಲಿರುವುದು 356! ಕುಮಾರವ್ಯಾಸ ಕುರುಕ್ಷೇತ್ರವನ್ನು ಕಾದಿಸಿದ ಅದೇ ಛಂದಸ್ಸಿಗೆ ಬಕ್ಲಿಯವರು ಒಂದೇ ಒಂದು ಮಾತ್ರೆ ಕಡಿಮೆ ಬಿದ್ದಿದ್ದಾರೆ.

ಕವಿ ಎಡವಿದನೆಂದು ಹೇಳುವುದು ಸಂಪಾದಕನ ಧರ್ಮವಲ್ಲ, ಎಡವಿದ್ದು ಲಿಪಿಕಾರ. ಇಲ್ಲಿ ಲಿಪಿಕಾರ ಯಾರು? ರೆಫರಿ. ಬ್ರಿಟನ್ನಿನಲ್ಲಿ ಪಟ್ಟಕ್ಕಲ್ಲದ ಸಣ್ಣ ಪಂದ್ಯಗಳಿಗೆ ಮೂವರು ತೀರ್ಪುಗಾರರು ಇರುವುದಿಲ್ಲ. ರಿಂಗಿನೊಳಗೆ ಓಡಾಡುವ ರೆಫರಿಯೇ ಅಂಕವನ್ನೂ ಹಾಕಿ, ಕೊನೆಗೆ ಒಬ್ಬನ ಕೈಯೆತ್ತಿ ಹೋಗುತ್ತಾನೆ. ಆದ್ದರಿಂದ ನಮ್ಮ ತಿದ್ದುಪಡಿ ಇಷ್ಟು: 256 ಸೋಲುಗಳಲ್ಲಿ ಯಾವುದೋ ಒಂದು ನಿಜವಾಗಿ ಗೆಲುವು. ಒಂದು ಲಘುವನ್ನು ಗುರು ಮಾಡಿದರೆ 33–255–12 ಆಗಿ 357 ಮಾತ್ರೆ ಕೂಡಿಬರುತ್ತದೆ, ಭಾಮಿನಿ ನೆಟ್ಟಗಾಗುತ್ತದೆ. ಆ ಒಂದು ಯಾವುದೆಂದು ಗುರುತಿಸಲು 256 ಅಭ್ಯರ್ಥಿಗಳಿದ್ದು, ನಾಲ್ಕಾರು ಪಿಎಚ್.ಡಿ.ಗಳಿಗೆ ಸಾಕಾಗುವಷ್ಟು ಸಾಮಗ್ರಿ ಇದೆ. ಉಳಿದರ್ಧ ಪದ್ಯ ಎಲ್ಲಿ ಹೋಯಿತೆಂಬ ಪ್ರಶ್ನೆಯನ್ನು ಸಂಕಿರಣದಲ್ಲಿ ಯಾರೂ ಎತ್ತದಿರಲಿ.

ಈಗ ಪೂರ್ವಪಕ್ಷ. ಈತ ಕೆಟ್ಟ ಬಾಕ್ಸರ್, ಇಷ್ಟಕ್ಕೆ ಪ್ರಬಂಧ ಯಾಕೆ ಎನ್ನುವವರಿದ್ದಾರೆ. ಉತ್ತರ: 256 ಸೋಲುಗಳಲ್ಲಿ ಬಕ್ಲಿಯವರನ್ನು ಅವಧಿಗೆ ಮುನ್ನ ನಿಲ್ಲಿಸಲು ಸಾಧ್ಯವಾದದ್ದು 10 ಸಲ. ಉಳಿದ 246 ಸಲ ಕೊನೆಯ ಗಂಟೆ ಹೊಡೆದಾಗ ಅವರು ಕಾಲ ಮೇಲೇ ನಿಂತಿದ್ದರು. ಇದು ತಾನಾಗಿ ಆಗುವುದಲ್ಲ. ಮೊಣಕೈಯನ್ನು ಪಕ್ಕೆಗೆ ಒತ್ತಿ, ಗ್ಲೋವನ್ನು ಕೆನ್ನೆಗೆ ಅಂಟಿಸಿ, ಏಟು ಹೊರಟಾಗಲೇ ಹೆಗಲು ತಿರುಗಿಸಿ, ಎದುರಾಳಿ ಹುಡುಗ ಹುಮ್ಮಸ್ಸಿಗೆ ಬಂದನೆಂದರೆ ಅವನ ತೋಳನ್ನು ಕಂಕುಳಲ್ಲಿ ಸಿಕ್ಕಿಸಿಕೊಂಡು ರೆಫರಿ ಬಿಡಿಸುವವರೆಗೆ ಉಸಿರೆಳೆದುಕೊಳ್ಳುವುದು: ಈ ವಿದ್ಯೆ ಬಲ್ಲವರಿಗೆ ಜರ್ನಿಮನ್ ಎಂದು ಹೆಸರು. ನಾಕೌಟ್ ಆದರೆ ವೈದ್ಯಕೀಯ ನಿಯಮದಂತೆ ಕೆಲವು ವಾರ ರಿಂಗಿಗೆ ಹತ್ತುವಂತಿಲ್ಲ, ಹತ್ತದಿದ್ದರೆ ದುಡ್ಡಿಲ್ಲ. ಗೆಲ್ಲುವುದಕ್ಕೂ ಬಿಡುವುದಕ್ಕೂ ನಡುವಿನ ಈ ಕಾಯಕದಲ್ಲಿ ಅಪಾಯವೆಂದರೆ ಮಲಗುವುದೊಂದೇ. ಎದುರಿನ ಮೂಲೆಯಲ್ಲಿ ಏರುತ್ತಿರುವ ಹುಡುಗ, ಅವನೇ ನೆಂಟರಿಷ್ಟರಿಗೆ ಟಿಕೆಟ್ ಮಾರಿ ಹಾಲ್ ತುಂಬಿಸಿರುತ್ತಾನೆ. ಅವನು ಗೆಲ್ಲಲೆಂದೇ ಎಲ್ಲರೂ ಬಂದಿರುತ್ತಾರೆ. ಪ್ರೊಫೆಸರ್ ಪಾಠ ಮಾಡಿ, ನಾಲ್ಕೂ ರೌಂಡು ಸೋತ 40–36 ಎಂಬ ಅಂಕಪಟ್ಟಿಗೆ ತಲೆಬಾಗಿ, ಸಂಬಳ ಎಣಿಸಿಕೊಂಡು ಮನೆಗೆ ಹೋಗುತ್ತಾರೆ.

ಹಾಗೆ ಪಾಠ ಕೇಳಿದವರಲ್ಲಿ ನಸೀಮ್ ಹಮೀದ್ ಎರಡು ಸಲ ಬಂದರು, ಬಳಿಕ ವಿಶ್ವ ಚಾಂಪಿಯನ್ ಆದರು. ಕೆಲ್ ಬ್ರೂಕ್ 2004ರಲ್ಲಿ ವೃತ್ತಿಗೆ ಕಾಲಿಟ್ಟ ದಿನವೇ ಎದುರಿಗಿದ್ದವರು ಬಕ್ಲಿ. 2014ರಲ್ಲಿ ಬ್ರೂಕ್ ಕೂಡ ವಿಶ್ವ ಪಟ್ಟ ಏರಿದರು.

ಕೊನೆಕೊನೆಗೆ ಪ್ರೊಫೆಸರರ ದಾಖಲೆಯಲ್ಲಿ 80ಕ್ಕೂ ಹೆಚ್ಚು ಪಂದ್ಯಗಳಲ್ಲಿ ಗೆಲುವಿನ ಸುಳಿವೇ ಇಲ್ಲ. ಯಾವ ಲಕ್ಷಣಗ್ರಂಥವೂ ಇಷ್ಟೊಂದು ಲಘುಗಳನ್ನು ಸಾಲಾಗಿ ಒಪ್ಪಲಾರದು. ಆದರೆ ಪಾದಾಂತ್ಯದ ಅಕ್ಷರ ಲಘುವಾದರೂ ಗುರುವೆಂದೇ ಎಣಿಸಬಹುದೆಂಬ ರಿಯಾಯಿತಿ ನಮ್ಮಲ್ಲಿದೆ. ಅಂದರೆ 300ನೆಯ ಪಂದ್ಯವನ್ನೂ ಸೋತಿದ್ದರೆ ನಾವು ಹೇಗೋ ಗೆಲುವೆಂದು ಬರೆದುಕೊಳ್ಳುತ್ತಿದ್ದೆವು. ಪ್ರೊಫೆಸರ್ ರಿಯಾಯಿತಿ ಬೇಡವೆಂದರು. 2008ರ ಅಕ್ಟೋಬರ್ 31ರಂದು ತಮ್ಮೂರಿನಲ್ಲೇ ಮತೀನ್ ಮೊಹಮ್ಮದ್ ಎಂಬವರನ್ನು ನಾಲ್ಕು ರೌಂಡುಗಳಲ್ಲಿ 40–38 ಅಂತರದಿಂದ ಸೋಲಿಸಿ ಗ್ಲೋವ್ ಬಿಚ್ಚಿಟ್ಟರು. ಎರಡು ರೌಂಡು ಗೆದ್ದರು, ಎರಡು ಸಮ, ಸೋತದ್ದು ಒಂದೂ ಇಲ್ಲ. ಪದ್ಯ ಅಪ್ಪಟ ಗುರುವಿನಲ್ಲೇ ಮುಗಿದಿದೆ.

ಈ ವೃತ್ತಿಯಲ್ಲಿ ಅತಿ ದುಬಾರಿ ಅಂಕಿ ಸೋಲಿನ ಜಾಗದ ಸೊನ್ನೆ. ರಾಕಿ ಮಾರ್ಸಿಯಾನೊ 49–0ರಲ್ಲಿ ನಿಲ್ಲಿಸಿದರು. ಲ್ಯಾರಿ ಹೋಮ್ಸ್ 48–0ಕ್ಕೆ ಬಂದು 1985ರಲ್ಲಿ ಮೈಕಲ್ ಸ್ಪಿಂಕ್ಸ್ ಮುಂದೆ ಅದನ್ನು ಕಳೆದುಕೊಂಡರು. ಫ್ಲಾಯ್ಡ್ ಮೇವೆದರ್ 2017ರಲ್ಲಿ 50–0 ಮಾಡಿಕೊಂಡದ್ದು ಅದುವರೆಗೆ ಒಂದೂ ವೃತ್ತಿಪರ ಬಾಕ್ಸಿಂಗ್ ಪಂದ್ಯ ಆಡಿರದ ಕಾನರ್ ಮ್ಯಾಕ್‌ಗ್ರೆಗರ್ ಎದುರು. ಆ ಪ್ರಕಟಣೆಯನ್ನು ಯಾವ ಪರಿಶೀಲನಾ ಸಮಿತಿ ಅಂಗೀಕರಿಸಿತೋ ವಿಚಾರಿಸಬೇಕು. ಇಂಥ ಸೊನ್ನೆಗಳು ಒಬ್ಬರೇ ಕೂತು ಬರೆದವಲ್ಲ. ಎದುರಿಗೊಬ್ಬರು ಸೋಲಬೇಕು, ಅದೂ ಹುಡುಗನಿಗೆ ನಾಲ್ಕು ರೌಂಡು ಪೂರ್ತಿ ಕೆಲಸ ಕೊಟ್ಟು ಸೋಲಬೇಕು. ಆದುದರಿಂದ ಅಜೇಯರ ದಾಖಲೆಗಳನ್ನು ಮುದ್ರಿಸುವ ಸಂಪಾದಕರಲ್ಲಿ ವಿನಂತಿ: ಮುಂದಿನ ಆವೃತ್ತಿಯಲ್ಲಿ ಸಹಲೇಖಕರ ಹೆಸರನ್ನೂ ಮುಖಪುಟದಲ್ಲಿ ಹಾಕಿ, ಅವರಿಗೂ ಒಂದು ಗೌರವಪ್ರತಿ ಕಳಿಸಿಕೊಡಿ.